ಬಾಲ್ ಮುಟ್ಟದ ದಿನ

ಎಸೆದ ಬಾಲ್ ಹಿಡಿಯುವ ಕ್ಯಾಚರ್ ಆದವಳು ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂರಬೇಕು. ನಮ್ಮ ಬೇಸ್‌ಬಾಲ್ ತಂಡದಲ್ಲಿ ಆ ಜಾಗ ಯಾರಿಗೂ ಬೇಕಿರಲಿಲ್ಲ. ನಾನು ಸುಮ್ಮನೆ ಒಪ್ಪಿಕೊಂಡೆ. ಜಾಲರಿಯ ಹಿಂದೆ ಕೂತರೆ ನನ್ನನ್ನು ಯಾರೂ ನೋಡುವುದಿಲ್ಲ, ನಾನು ಎಲ್ಲರನ್ನೂ ನೋಡಬಹುದು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಕೆ.ಬಿ. ಬಡಾವಣೆಯ ಟೈಲರ್ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುವ, ಮಾತು ಕಡಿಮೆಯ ನನ್ನನ್ನು ತಂಡದ ಹುಡುಗಿಯರು 'ಹೆಸರಿಗಷ್ಟೇ ವಾಣಿ' ಅಂತ ಕಾಡುತ್ತಿದ್ದರು.

ನನ್ನೆದುರು ನಿಂತು ಬಾಲ್ ಎಸೆಯುತ್ತಿದ್ದವಳು ಸರೋಜಾ, ನಮ್ಮ ಪಿಚರ್. ಅವಳ ಬಾಲ್ ನನ್ನ ಎಡಗೈ ಗ್ಲೌಸಿಗೆ ಬಡಿದ ಸದ್ದಿಗೆ ರಸ್ತೆಯಾಚೆ ಚಹಾ ಕುಡಿಯುವವರೂ ತಿರುಗಿ ನೋಡುತ್ತಿದ್ದರು. ದಿನಾ ಬೆಳಿಗ್ಗೆ ಆರಕ್ಕೆ ನಮ್ಮ ಕೋಚ್ ಅಂಜನಕುಮಾರ ಸರ್ ಅವಳನ್ನು ತಯಾರು ಮಾಡುತ್ತಿದ್ದರು. ಬೇವಿನ ಮರಕ್ಕೆ ಕಟ್ಟಿದ ಸೈಕಲ್ ಟ್ಯೂಬ್ ಎಳೆಸುವುದು, ಒದ್ದೆ ಟವೆಲ್ ಹಿಡಿಸಿ ಎಸೆದಂತೆ ಬೀಸಿಸುವುದು, ಆಮೇಲೆ ಓಟ. ಬಾಲ್ ಮಾತ್ರ ದಿನಕ್ಕೆ ಐವತ್ತೇ. ಒಂದೊಂದು ಎಸೆತಕ್ಕೂ ಸರ್ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಮಂಗಳವಾರ, ಶುಕ್ರವಾರ ಮಾತ್ರ ಪ್ರಾಕ್ಟೀಸ್ ಇಲ್ಲ, ಕೈಗೆ ರಜೆ. ಅವತ್ತು ಬಾಲ್ ಮುಟ್ಟಲೇಬಾರದು ಅಂತ ಕಟ್ಟಪ್ಪಣೆ.

ಭಾನುವಾರ ಹರಿಹರದಲ್ಲಿ ಪಂದ್ಯವಿತ್ತು. ರಾಜ್ಯದ ಕ್ಯಾಂಪಿಗೆ ಹುಡುಗಿಯರನ್ನು ಅಲ್ಲೇ ಆರಿಸುವವರಿದ್ದರು. ಸರೋಜಾ ಆಯ್ಕೆಯಾಗುತ್ತಾಳೆ ಅಂತ ಎಲ್ಲರೂ ನಂಬಿದ್ದೆವು.

ಆದರೆ ಎರಡು ವಾರದಿಂದ ನಾನೊಂದು ಗಮನಿಸಿದ್ದೆ. ಬುಧವಾರ ಮತ್ತು ಶನಿವಾರ, ಹದಿನೈದು ಎಸೆತ ದಾಟಿದರೆ ಅವಳ ಮೊಣಕೈ ಭುಜದ ಮಟ್ಟದಿಂದ ಕೆಳಗಿಳಿಯುತ್ತಿತ್ತು. ಎದೆಗೆ ಬರಬೇಕಾದ ಬಾಲ್ ಮೊಣಕಾಲಿಗೆ ಬರುತ್ತಿತ್ತು. ಕಾಲಲ್ಲಿ ಬಲ ಸಾಲದು ಅಂತ ಸರ್ ಎರಡು ಸುತ್ತು ಹೆಚ್ಚು ಓಡಿಸಿದರು. ರಜೆಯ ಮರುದಿನವೇ ಕೈ ಯಾಕೆ ಸೋಲಬೇಕು ಎಂಬುದು ನನಗೆ ತಿಳಿಯಲಿಲ್ಲ.

ಶುಕ್ರವಾರ ಅವ್ವ ಮಂಡಕ್ಕಿ ತರಲು ಖಲೀಲ್ ಸಾಬ್ರ ಭಟ್ಟಿಗೆ ಕಳಿಸಿದಳು. ಒಳಗೆ ಹೊಗೆಯಲ್ಲಿ ಸರೋಜಾ ನಿಂತಿದ್ದಳು. ದೊಡ್ಡ ಬಾಣಲೆಯ ಕಾದ ಮರಳಲ್ಲಿ ಅಕ್ಕಿ ಅರಳುತ್ತಿತ್ತು. ಉದ್ದ ಹಿಡಿಯ ಸಟ್ಟುಗದಿಂದ ಅವಳು ಅದನ್ನು ಬಿಡದೆ ತಿರುವುತ್ತಿದ್ದಳು, ಬಲಗೈಯಿಂದ.

ಅವಳೇ ಎಲ್ಲ ಹೇಳಿದಳು. ಪ್ರಾಕ್ಟೀಸ್ ಇರುವ ದಿನ ಇಬ್ಬರ ಕೆಲಸವನ್ನೂ ಅವಳ ಅವ್ವ ಉಚ್ಚೆಂಗೆಮ್ಮ ಒಬ್ಬಳೇ ಮಾಡುತ್ತಾಳೆ. ಅದಕ್ಕೆ ಬದಲಾಗಿ ರಜೆಯ ಎರಡು ದಿನ ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಬಾಣಲೆ ಪೂರಾ ಸರೋಜಾಳದು.

"ಸರ್ ಹೇಳಿದಂಗೆ ಬಾಲ್ ಮುಟ್ಟಿಲ್ಲ ನೋಡು," ಅಂದಳು. ಬಾಲ್ ಮುಟ್ಟದಿದ್ದರೆ ಕೈಗೆ ರಜೆ ಸಿಕ್ಕಂತೆ ಅಂತ ನಿಜವಾಗಿಯೂ ನಂಬಿದ್ದಳು. ನಾನು ಅವಳ ಮೊಣಕೈಯನ್ನೇ ನೋಡುತ್ತಿದ್ದೆ. ಅದು ಅವಳಿಗೂ ಗೊತ್ತಾಯಿತು. ಸರ್‌ಗೆ ಹೇಳಬ್ಯಾಡ, ಹರಿಹರ ತಪ್ಪಿಸಿಬಿಡ್ತಾರೆ ಅಂದಳು.

ಶನಿವಾರ ಹದಿನೆಂಟನೇ ಎಸೆತಕ್ಕೆ ಅವಳು ಆ ಕಡೆ ತಿರುಗಿ ಮೊಣಕೈಯ ಒಳಗಡೆ ಒತ್ತಿಕೊಂಡಳು. ಹತ್ತೊಂಬತ್ತನೆಯದು ನೆಲಕ್ಕೆ ಬಿದ್ದು ಪುಟಿದು ನನ್ನ ಮೊಣಕಾಲಿಗೆ ಬಡಿಯಿತು. ಸರ್ ಗೀಟು ಎಳೆದರು. ನಾನು ಎದ್ದೆ. ಜಾಲರಿ ತೆಗೆದು ಸರ್ ಹತ್ತಿರ ಹೋದೆ.

"ಸರ್, ಅಕಿ ಭಟ್ಟಿಯಾಗೆ ಕೈ ಆಡಿಸಿದ್ದಕ್ಕೂ ಗೀಟು ಹಾಕ್ರಿ."

ಅವರಿಗೆ ಅರ್ಥವಾಗಲಿಲ್ಲ. ನೋಡಿದ್ದನ್ನೆಲ್ಲ ಹೇಳಿದೆ. ಒಂದು ಬಾಣಲೆಗೆ ಎಷ್ಟು ಸಲ ಕೈ ಆಡಿಸ್ತೀಯ ಅಂತ ಸರ್ ಸರೋಜಾಳನ್ನು ಕೇಳಿದರು. ಮೂವತ್ತೋ ನಲವತ್ತೋ, ಎಷ್ಟು ಬಾಣಲೆ ಅಂತ ಯಾರು ಎಣಿಸ್ತಾರೆ ಅಂತ ಅವಳು ನೆಲ ನೋಡಿಕೊಂಡು ಹೇಳಿದಳು. ಸರ್ ಗೀಟು ಎಳೆಯತೊಡಗಿದರು. ಒಂದು ಪುಟ ತುಂಬಿದ ಮೇಲೆ ಪೆನ್ನು ನಿಲ್ಲಿಸಿದರು. ನಾನು ಬಾಲ್ ಅಷ್ಟೇ ಎಣಿಸಿದೆ, ತಪ್ಪು ನಂದು ಅಂದರು. ಹರಿಹರದಲ್ಲಿ ಅವಳು ಎಸೆಯುವುದು ಬೇಡ ಅಂತಲೂ ಅಂದರು.

ಹರಿಹರದಲ್ಲಿ ಅವಳ ಬದಲು ತಂಡದ ಪೂಜಾ ಎಸೆದಳು. ಸೋತೆವು. ಸರೋಜಾ ಇಡೀ ಪಂದ್ಯ ಬ್ಯಾಗುಗಳ ಪಕ್ಕ ಕೂತಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಬಂದಳು. ಮುಂದಿನ ತಿಂಗಳು ಇನ್ನೊಂದು ಆಯ್ಕೆ ಐತೆ, ಅಲ್ಲಿತನಕ ಕೈಗೆ ಪೂರ್ತಿ ವಿಶ್ರಾಂತಿ ಅಂತ ಸರ್ ಹೇಳಿದರು. ಬಾಣಲೆ ಯಾರು ತಿರುವಬೇಕು ಅಂತ ಮಾತ್ರ ಅವರಿಗೂ ಹೊಳೆಯಲಿಲ್ಲ.

ಮಂಗಳವಾರ ಬೆಳಕು ಹರಿಯುವ ಮುಂಚೆ ನಾನು ಭಟ್ಟಿಗೆ ಹೋಗಿ ಸಟ್ಟುಗ ಹಿಡಿದೆ. ಉಚ್ಚೆಂಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಪಕ್ಕಕ್ಕೆ ಸರಿದಳು. ಮೊದಲ ಬಾಣಲೆ ಅರ್ಧ ಕರಿಯಾಯಿತು. ಇದನ್ನ ನಿಮ್ಮ ಟೀಮಿಗೇ ಕಳಿಸ್ತೀನಿ ತಿನ್ರಿ ಅಂತ ಖಲೀಲ್ ಸಾಬ್ರು ನಕ್ಕರು. ಸರೋಜಾ ಮೂಲೆಯಲ್ಲಿ ಎಡಗೈಯಿಂದ ಚೀಲದ ಬಾಯಿ ಹಿಡಿದು ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ.

ಮೂರನೇ ಬಾಣಲೆಗೆ ಬಲಗೈ ಸೋತು, ಸಟ್ಟುಗವನ್ನು ಎಡಗೈಗೆ ತಗೊಂಡೆ. ಆಗ ಅವಳು ಚೀಲ ಬಿಟ್ಟು ಬಂದು ನನ್ನ ಎಡಗೈಯನ್ನು ಹಿಡಿಯಿಂದ ಬಿಡಿಸಿದಳು.

"ಈ ಕೈ ಸುಟ್ಕಂಡ್ರೆ ಮುಂದಿನ ತಿಂಗಳು ನನ್ನ ಬಾಲ್ ಯಾರು ಹಿಡೀತಾರೆ?"

ನಾನು ಕೈ ಬದಲಿಸಿದೆ.