ಚಿಗರಿಯ ಮುಖ

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಗುರುವಾರ ಬೆಳಗಿನ ಏಳು ಗಂಟೆಗೆ, ಹೈದರಾಬಾದಿನ ಹೊರಗಿನ ದೊಡ್ಡ ಪಾರ್ಕಿನೊಳಗೆ ಬಸವಣಪ್ಪ ಕಿವಿಮುಚ್ಚುವಂತೆ ರುಮಾಲು ಸುತ್ತಿಕೊಂಡು ಕಲ್ಲುಕಟ್ಟೆಯ ಮೇಲೆ ಕೂತಿದ್ದ. ಒಂದು ಮಗ್ಗುಲಿಗೆ ಹೆಂಡತಿ ಸಂಗಮ್ಮ, ಕರಿ ಕನ್ನಡಕ ಹಾಕಿಕೊಂಡು. ಇನ್ನೊಂದು ಮಗ್ಗುಲಿಗೆ ಇದೇ ಶಹರಕ್ಕೆ ಕೊಟ್ಟ ಮಗಳು ರೂಪಾಲಿ. ಮುಂದೆ ಹುಲ್ಲಿನ ಬಯಲು, ಅದರಾಚೆ ಜಾಲಿ, ಜಾಲಿಯ ತಲೆಯ ಮೇಲೆ ಮಂಜಿನಲ್ಲಿ ಅರ್ಧ ಮುಳುಗಿದ ಎತ್ತರದ ಕಟ್ಟಡಗಳು.

"ಟಿಕೀಟ ತಗದು ಜಾಲಿಕಂಟಿ ನೋಡಾಕತ್ತೇವಿ," ಎಂದ ಬಸವಣಪ್ಪ. "ನಮ್ಮೂರು ಮೋರಖಂಡಿಯಾಗ ಬದುವಿನ ಮ್ಯಾಲ ಪುಕಟ ಅದಾವ."

"ನೀವು ಸುಮ್ಮ ಕೂಡ್ರಿ. ನಾ ಜಾಲಿ ನೋಡಾಕ ಬಂದಿಲ್ಲ," ಎಂದಳು ಸಂಗಮ್ಮ.

ಹದಿನೈದು ದಿನದ ಹಿಂದೆ ಅವಳ ಕಣ್ಣಿನ ಪೊರೆ ತೆಗೆದಿದ್ದರು. ಕಟ್ಟು ಬಿಚ್ಚಿದ ದಿನ ರೂಪಾಲಿ, "ಏನು ನೋಡ್ತಿ ಅವ್ವಾ?" ಎಂದು ಕೇಳಿದರೆ, ಅವಳು, "ಒಂದು ಚಿಗರಿ ತೋರಸು" ಎಂದಿದ್ದಳು.

ಮದುವೆಯಾಗಿ ನಲವತ್ತಾರು ವರ್ಷ. ಚಿಗರಿಗೆ ಗಂಡ ಹಾಕುವ ಶಾಪ ಅವಳ ಕಿವಿಗೆ ಬೀಳದ ವರ್ಷವಿಲ್ಲ. ಹೆಸರು ಮೇಯ್ದವು, ಸೋಯಾ ತುಳಿದವು, ಕಡಲೆಯ ಕುಡಿ ಕಚ್ಚಿದವು. ಅವು ಬರುವುದು ನಸುಕಿನಲ್ಲಿ. ಅವಳು ಬುತ್ತಿ ಹೊತ್ತು ಹೊಲ ಮುಟ್ಟುವುದು ಬಿಸಿಲೇರಿದ ಮೇಲೆ. ಅಷ್ಟೊತ್ತಿಗೆ ಮಣ್ಣಿನಲ್ಲಿ ಗೊರಸಿನ ಗುರುತಷ್ಟೇ ಇರುತ್ತಿತ್ತು. ಕಡೆಕಡೆಗೆ ಕಣ್ಣು ಮಸುಕಾಗಿ ಅದೂ ಕಾಣದಾಯಿತು. ಈ ಪಾರ್ಕಿಗೂ ಎರಡು ಮುಂಜಾನೆ ಬಂದು ಬರಿಗೈಲೆ ತಿರುಗಿದ್ದರು. ನಾಳೆ ಊರಿನ ಬಸ್ಸು.

ಪಾರ್ಕಿನ ಕಾವಲುಗಾರ ಸಾಜಿದ ತುಟಿಯ ಮೇಲೆ ಬೆರಳಿಟ್ಟು ಜಾಲಿಯ ಕಡೆ ತೋರಿಸಿದ. ಕರಿಬೆನ್ನಿನ, ತಿರುಚು ಕೊಂಬಿನ ಗಂಡು ಚಿಗರಿಯೊಂದು ಹೊರಬಂತು. ಹಿಂದೆ ನಾಲ್ಕು ಹೆಣ್ಣು. ಡಾಕ್ಟರು ಬೇಡವೆಂದಿದ್ದರೂ ಸಂಗಮ್ಮ ಕನ್ನಡಕ ತೆಗೆದು ಮುಂದೆ ಬಾಗಿದಳು. ಗಂಡು ಹುಲ್ಲಿಗೆ ಬಾಯಿ ಹಾಕಿತು.

"ಹೋಯ್! ಹೋಯ್! ಹಾಹಾ!"

ಬಸವಣಪ್ಪ ಎದ್ದು ನಿಂತಿದ್ದ. ಕವಣೆ ಬೀಸುವ ಹಾಗೆ ಬಲಗೈ ತಲೆಯ ಮೇಲೆ ಗಿರಗಿರ ತಿರುಗುತ್ತಿತ್ತು. ಕೈಯಲ್ಲಿ ಕವಣೆ ಇರಲಿಲ್ಲ. ಬಯಲು ಖಾಲಿಯಾಯಿತು.

ಕೂಗಬೇಡ, ಇದು ನಿನ್ನ ಹೊಲವಲ್ಲ ಎಂದು ಗದರುತ್ತ ಸಾಜಿದ ಓಡಿ ಬಂದ. "ಅರೇ ಚಾಚಾ, ಚಿಲ್ಲಾವ್ ನಕ್ಕೋ! ಯೇ ಪಾರ್ಕ್ ಹೈ, ತುಮಾರಾ ಖೇತ್ ನೈ!"

"ಗಲತಿ ಹೋಗಯಿ, ಭಾಯ್," ಎಂದು ತಪ್ಪೊಪ್ಪಿಕೊಂಡು ಬಸವಣಪ್ಪ ಕೂತ.

"ಅಪ್ಪಾ, ಏನು ಮಾಡಿದಿ ನೀ!" ಎಂದಳು ರೂಪಾಲಿ.

"ನಾ ಎಲ್ಲಿ ಮಾಡಿನವಾ? ಬಾಯಿ ತಾನ ತೆರೀತು."

ಹೆಂಡತಿಯ ಕಡೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಅವಳ ಹೆಗಲು ಅಲುಗುತ್ತಿತ್ತು. ಅಳುತ್ತಾಳೆ ಎಂದುಕೊಂಡ. ಅವಳು ಮುಖಕ್ಕೆ ಒತ್ತಿಕೊಂಡಿದ್ದ ಸೆರಗು ಸರಿಸಿದರೆ, ನಗುತ್ತಿದ್ದಳು.

"ಹೋಗ್ಲಿ, ಅದರ ಮುಖ ಹ್ಯಾಂಗಿರ್ತದ, ನೀವರೇ ಹೇಳ್ರಿ."

ಬಸವಣಪ್ಪ ಹೇಳಲು ಬಾಯಿ ತೆರೆದ.

"ನಾ ಬೆನ್ನ ಅಷ್ಟ ನೋಡೀನಿ," ಎಂದ ಕಡೆಗೆ.

ಸಂಗಮ್ಮ ಅವನ ರುಮಾಲಿನ ಚುಂಗು ಎಳೆದು ಕೈಗೆ ಕೊಟ್ಟಳು. "ಇದನ್ನ ಬಾಯಾಗ ಇಟ್ಕೊಂಡು ಕೂಡ್ರಿ. ಬಂದ್ರ ಇಬ್ಬರೂ ನೋಡೂಣು."

ಮಂಜು ಹರಿಯಿತು. ಕಟ್ಟೆ ಬೆಚ್ಚಗಾಯಿತು. ರೂಪಾಲಿ ಮೊಬೈಲಿನಲ್ಲಿ ಎರಡು ಸಲ ಹೊತ್ತು ನೋಡಿದಳು. ಆಮೇಲೆ ಜಾಲಿಯ ನಡುವೆ ಮೊದಲು ಕಿವಿ, ಆಮೇಲೆ ಕೊಂಬು ಕಂಡವು. ಗಂಡು ಚಿಗರಿ ಬಯಲಿಗೆ ಬಂದು, ತಲೆಯೆತ್ತಿ, ಕಟ್ಟೆಯ ಕಡೆ ನೆಟ್ಟಗೆ ನೋಡುತ್ತ ನಿಂತಿತು. ಕಣ್ಣಿನ ಸುತ್ತ ಸುಣ್ಣ ಬಳಿದಂಥ ಬಿಳಿ. ದವಡೆ ಅಡ್ಡಡ್ಡ ಆಡುತ್ತಿತ್ತು.

"ಥೇಟ್ ನೀವು ಎಲಿ ಅಡಿಕಿ ಅಗದಂಗ," ಎಂದು ಸಂಗಮ್ಮ ಪಿಸುಗುಟ್ಟಿದಳು. ರುಮಾಲು ಕಚ್ಚಿಕೊಂಡಿದ್ದ ಬಸವಣಪ್ಪ ತನ್ನ ದವಡೆ ಮುಟ್ಟಿ ನೋಡಿಕೊಂಡ.

ಶುಕ್ರವಾರ ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಊರು ಸೇರಿದರು. ಭಾನುವಾರ ನಸುಕಿನಲ್ಲಿ ಬಸವಣಪ್ಪ ಹೊಲಕ್ಕೆ ಹೊರಟಾಗ ಸಂಗಮ್ಮ ಚಾದರ ಹೊದ್ದು ಬೆನ್ನ ಹಿಂದೆಯೇ ಬಂದಳು. ಕಡಲೆಯಲ್ಲಿ ಐದು ಚಿಗರಿ. ಅವನು ಕವಣೆಗೆ ಕಲ್ಲು ಹಾಕಿದ. ಅವಳು ಮೊಣಕೈ ಹಿಡಿದಳು.

"ಇನ್ನೊಂಚೂರು."

"ಕಡ್ಲಿ ತಿನ್ನಾಕತ್ತಾವ ಅಲ್ಲೇ!"

"ಒಂದು ಸಾಲು ತಿನ್ಲಿ. ಆಮ್ಯಾಲ ಕೂಗ್ರಿ."

ಬಸವಣಪ್ಪ ತುಟಿ ಬಿಗಿಹಿಡಿದು ನಿಂತ. ಸಾಲಿನ ತುದಿಯಲ್ಲಿ ಒಂದು ತಲೆ ಮೇಲೆದ್ದು ಇಬ್ಬರನ್ನೂ ನೋಡಿತು. ಆಮೇಲೆ ಅವನು ಕೂಗಿದ. ಕಲ್ಲು ಕವಣೆಯಲ್ಲೇ ಉಳಿಯಿತು. ಚಿಗರಿಗಳು ಬದು ಹಾರಿ ಮಡ್ಡಿಯ ಬೀಳುದಿಬ್ಬದ ಕಡೆ ಹೋದವು, ಆ ಭಾನುವಾರ, ಹೊತ್ತು ಹುಟ್ಟುವಾಗ.