ಉಳಿದ ಅರ್ಧ ಪ್ಯಾಕೆಟ್ ಕಪ್ಪು ಮೆಹಂದಿ

ತಲೆ ನರೆತ ಹೆಂಗಸು ಅನ್ನ ಬಡಿಸಿದರೆ ಉಣ್ಣುವವರ ಹೊಟ್ಟೆಗೆ ಏನಾಗುತ್ತದೋ ಆ ದೇವರೇ ಬಲ್ಲ. ಆದರೆ ಮದುವೆ ಊಟದ ಕಂತ್ರಾಟು ಹಿಡಿಯುವ ಜಗದೀಶನಿಗೆ ಅದು ಸರಿಬರುವುದಿಲ್ಲ. ಬೆಳಿಗ್ಗೆ ಬಾಳೆಗುಳಿ ಕ್ರಾಸಿನಲ್ಲಿ ಅವನ ಟೆಂಪೋ ಬಂದು ನಿಲ್ಲುತ್ತದೆ. ಸುತ್ತಲಿನ ಊರುಗಳ ಹೆಂಗಸರು ಅಲ್ಲಿ ಕಾದಿರುತ್ತಾರೆ. ಅವನು ಯಾರ ಮುಖವನ್ನೂ ನೋಡುವುದಿಲ್ಲ, ತಲೆ ನೋಡುತ್ತಾನೆ. ಕಪ್ಪು ತಲೆಯವರು ಬಡಿಸುವುದಕ್ಕೆ. ಬಿಳಿ ತಲೆಯವರು ಮದುವೆ ಮಂಟಪದ ಹಿಂದೆ, ಪಾತ್ರೆ ತಿಕ್ಕುವುದಕ್ಕೆ. ಅವರಿಗೆ ಕೂಲಿ ಕಡಿಮೆ, ಸೊಂಟನೋವು ಹೆಚ್ಚು.

ಬೊಬ್ರುವಾಡದ ಕುಸುಮಾ ಮೊದಲಿನಿಂದಲೂ ಬಡಿಸುವವಳೇ. ಅವಳು ಸಾರಿನ ಬಕೆಟ್ ಹಿಡಿದು ಪಂಕ್ತಿಯಲ್ಲಿ ನಡೆದರೆ ಒಂದು ಹನಿ ಎಲೆಯ ಆಚೆ ಬೀಳುತ್ತಿರಲಿಲ್ಲ. ಈ ವರ್ಷ ಮಾತ್ರ ಹಣೆಯ ಮೇಲೂ ಕಿವಿಯ ಪಕ್ಕದಲ್ಲೂ ಕೂದಲು ಬೆಳ್ಳಗಾಗಿತ್ತು. ಮದುವೆ ಹಂಗಾಮಿನ ಮೊದಲ ದಿನವೇ ಜಗದೀಶ ಬೆರಳು ತೋರಿಸಿ ಪಾತ್ರೆ ತಿಕ್ಕಲು ಹಿಂದಕ್ಕೆ ಕಳಿಸಿಬಿಟ್ಟ. ಗಂಡ ಬಾಳಾ ಕಟ್ಟಡದ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಕೋಲೂರಿ ಓಡಾಡುವವ. ಮನೆಯ ಒಲೆ ಉರಿಯುವುದು ಅವಳ ಕೂಲಿಯಿಂದಲೇ.

ಮನೆಯ ಬೇಲಿಯಲ್ಲಿ ಮದರಂಗಿ ಗಿಡವಿತ್ತು. ಅತ್ತೆ ಬೀರಿ ಅದರ ಎಲೆ ಅರೆದು ತಲೆಗೆ ಹಚ್ಚಿಕೊಳ್ಳುವವಳು. ತಲೆ ಕೆಂಪಗೆ ಹೊಳೆಯುತ್ತಿತ್ತು. ನೀನೂ ಹಚ್ಚು ಎಂದು ಅವಳು ಹೇಳಿದಾಗ ಕುಸುಮಾ ಸಿಡುಕಿದಳು.

"ನಿಮ್ಮ ಹಂಗೆ ಗೇರುಹಣ್ಣಿನ ತಲೆ ಹೊತ್ಕಂಡು ಹೋದ್ರೆ ಅಂವ ಟೆಂಪೋ ಹತ್ತೂಕೂ ಬಿಡೂದಿಲ್ಲ ಅತ್ತೆ."

ಅಂಕೋಲೆಯ ಸಂತೆಯಲ್ಲಿ ಒಬ್ಬ ಕಪ್ಪು ಮೆಹಂದಿ ಪುಡಿ ಮಾರುತ್ತಿದ್ದ. ಪ್ಯಾಕೆಟ್ ಮೇಲೆ ಹಸಿರು ಎಲೆಯ ಚಿತ್ರ, ಅದರ ಕೆಳಗೆ ಪೂರ್ತಿ ನೈಸರ್ಗಿಕ ಎಂಬ ದೊಡ್ಡ ಅಕ್ಷರ. ಅರ್ಧ ತಾಸಿನಲ್ಲಿ ತಲೆ ಕಪ್ಪಾಗುತ್ತದೆ ಎಂದು ಅವನು ಆಣೆ ಹಾಕಿದ. ಕುಸುಮಾ ಎರಡು ಪ್ಯಾಕೆಟ್ ತಂದಳು.

ಪಕ್ಕದ ಮನೆಯ ಸುನೀತಾ ಕಾರವಾರದ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿದ್ದಾಳೆ. ಜಗಲಿಯ ಮೇಲಿದ್ದ ಪ್ಯಾಕೆಟ್ ತಿರುಗಿಸಿ ನೋಡಿದವಳೇ ಮುಖ ಗಂಟಿಕ್ಕಿದಳು.

"ಕುಸುಮಕ್ಕ, ಮದರಂಗಿ ಕಪ್ಪು ಬಿಟ್ಟದ್ದು ಎಲ್ಲಾದ್ರೂ ನೋಡಿದ್ಯಾ? ನಿನ್ನ ಮದುವೆಗೆ ಕೈಗೆ ಹಚ್ಚಿದ್ರಲ್ಲ, ಎಂತ ಬಣ್ಣ ಬಂದಿತ್ತು? ಎಲೆ ಬಣ್ಣ ಕೆಂಪೇ. ಅರ್ಧ ತಾಸಿಗೆ ಕಪ್ಪಾಗ್ತದೆ ಅಂದ್ರೆ ಇದರಲ್ಲಿ ಕೆಮಿಕಲ್ ಅದೆ."

ಹಚ್ಚಲೇಬೇಕೆಂದಿದ್ದರೆ ಮೊದಲು ಮೊಣಕೈಯ ಒಳಮೈಗೆ ಚೂರು ಹಚ್ಚಿ ಎರಡು ದಿನ ಕಾದು ನೋಡು, ಉರಿ ತುರಿಕೆ ಬಂದರೆ ಆಚೆ ಎಸೆ ಎಂದೂ ಹೇಳಿದಳು. ಜಗದೀಶನ ಟೆಂಪೋ ಎರಡು ದಿನ ಕಾಯುತ್ತದೆಯೇ? ಕುಸುಮಾಗೆ ಸಿಟ್ಟು ನೆತ್ತಿಗೇರಿತು.

"ಮನೇಲೇ ಹಚ್ಕಂಡ್ರೆ ನಿಮ್ಮ ಪಾರ್ಲರಿಗೆ ಗಿರಾಕಿ ತಪ್ತದೆ. ಅದಕ್ಕೇ ನಿಂಗೆ ಹೊಟ್ಟೆಕಿಚ್ಚು."

ಸುನೀತಾ ಪ್ಯಾಕೆಟ್ ಜಗಲಿಯ ಮೇಲಿಟ್ಟು ಎದ್ದು ಹೋದಳು.

ತಲೆ ಕಪ್ಪಾಯಿತು. ಕುಸುಮಾ ಮತ್ತೆ ಸಾರಿನ ಬಕೆಟ್ ಹಿಡಿದಳು. ಎರಡು ದಿನ ಕಳೆದ ಮೇಲೆ ಕಿವಿಯ ಹಿಂದೆ ತುರಿಕೆ ಶುರುವಾಯಿತು, ಹಣೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದವು. ಅದು ಗೇರುಬೀಜದ ಕಾಲ. ಕೂಲಿಯಿಲ್ಲದ ದಿನ ಅವಳು ಬೆಟ್ಟಕ್ಕೆ ಹೋಗಿ ಬೀಜ ಹೆಕ್ಕಿ ತರುತ್ತಿದ್ದಳು. ಗೇರಿನ ಸೊನೆ ತಾಗಿದರೆ ಚರ್ಮ ಸುಡುತ್ತದೆಂದು ಇಲ್ಲಿ ಯಾರಿಗೆ ಗೊತ್ತಿಲ್ಲ? ಸೊನೆ ಕೈಯಲ್ಲೇ ಹಣೆಯ ಬೆವರು ಒರೆಸಿರಬೇಕು ಎಂದು ಅವಳು ಅಂದುಕೊಂಡಳು. ಬಾಳಾನೂ ಸೊನೆಯೆಂದ, ಬೀರಿಯೂ ಸೊನೆಯೆಂದಳು. ತೆಂಗಿನೆಣ್ಣೆ ಹಚ್ಚಿದರು. ವಾರದಲ್ಲಿ ಇಳಿಯಿತು. ಮೆಹಂದಿಯ ಮೇಲೆ ಯಾರಿಗೂ ಅನುಮಾನವೇ ಬರಲಿಲ್ಲ.

ಮುಂದಿನ ತಿಂಗಳು ಕಾರವಾರದಲ್ಲಿ ದೊಡ್ಡ ಮದುವೆ. ಕುಸುಮಾಳ ಕೂದಲ ಬುಡ ಮತ್ತೆ ಬೆಳ್ಳಗಾಗಿತ್ತು. ಎರಡನೇ ಪ್ಯಾಕೆಟ್ ಒಡೆದು ಅರ್ಧ ಹಚ್ಚಿಕೊಂಡಳು. ಉಳಿದರ್ಧವನ್ನು ಕಾಗದದಲ್ಲಿ ಕಟ್ಟಿ ಅದೇ ಕೇರಿಯ ನಾಗುಗೆ ಕೊಟ್ಟಳು. ನಾಗುವೂ ನರೆತವಳು, ಪಾತ್ರೆ ತಿಕ್ಕಿ ಕೈ ಸವೆಸಿಕೊಂಡವಳು. ಮದುವೆಯ ಹಿಂದಿನ ಸಂಜೆ ಹಚ್ಚಿಕೊಂಡರೆ ಬಣ್ಣ ಹೊಸದಾಗಿರುತ್ತದೆ ಎಂದು ಎತ್ತಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಕುಸುಮಾಗೆ ಕಣ್ಣು ಬಿಡಲಾಗಲಿಲ್ಲ. ರೆಪ್ಪೆಗಳು ಊದಿ ಅಂಟಿಕೊಂಡಿದ್ದವು. ಹಣೆಯಿಂದ ನೀರು ಸೋರುತ್ತಿತ್ತು, ತುಟಿ ದಪ್ಪಗಾಗಿತ್ತು, ಉಸಿರು ಎಳೆಯುವಾಗ ಗಂಟಲು ಬಿಗಿಯುತ್ತಿತ್ತು. ಬಾಳಾ ಮತ್ತೆ ಎಣ್ಣೆ ಬಾಟಲಿ ಹುಡುಕಿದ. ಸೊನೆಯಲ್ಲವೇ, ಇಳಿಯುತ್ತದೆ ಎಂದ. ಬಸ್ಸಿಗೆ ಹೊರಟಿದ್ದ ಸುನೀತಾ ಬೀರಿಯ ಕೂಗು ಕೇಳಿ ಒಳಗೆ ಬಂದಳು. ಒಮ್ಮೆ ನೋಡಿ ನೂರೆಂಟಕ್ಕೆ ಫೋನು ಮಾಡಿದಳು. ಗಾಡಿ ಬರುವಷ್ಟರಲ್ಲಿ ಕುಸುಮಾಳ ತಲೆಗೆ ಬಿಂದಿಗೆಗಟ್ಟಲೆ ನೀರು ಹೊಯ್ದು ತೊಳೆದಳು.

ಆಸ್ಪತ್ರೆಯಲ್ಲಿ ಏನು ತಾಗಿತು ಎಂದು ಡಾಕ್ಟರು ಕೇಳಿದರೆ ಆ ಊದಿದ ಬಾಯಲ್ಲೂ ಕುಸುಮಾ ಸೊನೆಯೆಂದೇ ಹೇಳಿದಳು. ಸುನೀತಾ ಮನೆಯಿಂದ ತಂದಿದ್ದ ಖಾಲಿ ಪ್ಯಾಕೆಟ್ ತೆಗೆದು ಮುಂದಿಟ್ಟಳು. ಅದರ ಹಿಂದೆ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಪಿಪಿಡಿ ಎಂದಿತ್ತು. ಕೂದಲು ಬೇಗ ಕಪ್ಪಾಗಲೆಂದು ಬೆರೆಸುವ ರಾಸಾಯನಿಕ ಅದು. ಕೆಲವರ ಮೈಗೆ ಆಗಿಬರುವುದಿಲ್ಲ. ಮೊದಲ ಸಲದ ಗುಳ್ಳೆಯೇ ಎಚ್ಚರಿಕೆಯಾಗಿತ್ತು, ಎರಡನೇ ಸಲಕ್ಕೆ ಹೀಗಾಗಿದೆ, ಇನ್ನೊಮ್ಮೆ ಹಚ್ಚಿದರೆ ಜೀವಕ್ಕೇ ಕುತ್ತು ಎಂದರು ಡಾಕ್ಟರು. ಇನ್ನು ಬದುಕಿರುವವರೆಗೆ ಇಂಥ ಕಪ್ಪು ಬಣ್ಣ ಮುಟ್ಟುವಂತಿಲ್ಲ.

"ಹೊಟ್ಟೆಕಿಚ್ಚು ಅಂದ್ಯಲ್ಲ ಕುಸುಮಕ್ಕ," ಎಂದಳು ಸುನೀತಾ. "ಈಗ ಹೇಳು."

ಕುಸುಮಾ ಜೊತೆಗೆ ಬಂದಿದ್ದ ಗಂಡನ ತೋಳು ಹಿಡಿದು ಎಳೆದಳು. ಅವಳಿಗೆ ಆ ಹೊತ್ತಿಗೆ ನಾಗುವಿನ ನೆನಪಾಗಿತ್ತು.

ಬಾಳಾ ಅಲ್ಲಿಂದಲೇ ನಾಗುಗೆ ಫೋನು ಮಾಡಿದ, ಅದನ್ನು ಹಚ್ಚಬೇಡ ಎಂದ. ಅತ್ತ ಕಡೆಯಿಂದ ನಾಗು ನಕ್ಕಳಂತೆ. ಕುಸುಮಾಳ ಜಾಗಕ್ಕೆ ನೀನು ಬಾ, ತಲೆ ಕಪ್ಪು ಮಾಡಿಕೊಂಡು ಬಾ ಎಂದು ಸುದ್ದಿ ಕೇಳಿದ ಜಗದೀಶ ಆಗಲೇ ಅವಳಿಗೆ ಹೇಳಿದ್ದ. ಕುಸುಮಾ ಹೇಗಿದ್ದಾಳೆ ಎಂದು ಮಾತ್ರ ಅವನು ಕೇಳಿರಲಿಲ್ಲ.

"ನಿನ್ನ ಹೆಂಡ್ತಿ ಜಾಗಕ್ಕೆ ನಾ ಹೋಗ್ತೆ ಅಂತ ಅವಳಿಗೆ ಹೊಟ್ಟೆಕಿಚ್ಚು ಮಾರಾಯ," ಎಂದು ನಾಗು ಫೋನಿಟ್ಟಳು.

ಒಂದು ರಾತ್ರಿ ಇರಿಸಿಕೊಂಡು ಆಸ್ಪತ್ರೆಯವರು ಮನೆಗೆ ಕಳಿಸಿದರು. ಕುಸುಮಾ ಸೆರಗಿನಿಂದ ಮುಖ ಪೂರ್ತಿ ಮುಚ್ಚಿಕೊಂಡು ರಿಕ್ಷಾದಿಂದ ಇಳಿದಳು. ನೆರೆಯವರು ನೋಡಬಾರದು ಎಂದು. ಆದರೆ ಮನೆಯೊಳಗೆ ಹೋಗಲಿಲ್ಲ. ಬಾಳಾ ಕರೆಯುತ್ತಿದ್ದರೂ ಕೇಳದೆ ನಾಗುವಿನ ಅಂಗಳಕ್ಕೆ ನಡೆದಳು.

ನಾಗು ಹೆಗಲಿಗೆ ಹಳೇ ಟವೆಲ್ ಹೊದ್ದು ಬಟ್ಟಲಲ್ಲಿ ಪುಡಿ ಕಲಸುತ್ತಿದ್ದಳು. ಕುಸುಮಾ ಎದುರು ನಿಂತು ಸೆರಗು ತೆಗೆದಳು.

ನಾಗುವಿನ ಕೈ ಬಟ್ಟಲಲ್ಲೇ ನಿಂತಿತು. "ಅದು ಸೊನೆ ತಾಗಿದ್ದಲ್ವಾ ಕುಸುಮಕ್ಕ?" ಎಂದಳು.

"ನಾನೂ ಹಂಗೇ ಅಂದ್ಕಂಡಿದ್ದೆ."

ನಾಗು ಬಟ್ಟಲು ಕೆಳಗಿಟ್ಟಳು. ನಾಳೆ ಜಗದೀಶ ಮತ್ತೆ ಹಿಂದೆ ಕಳಿಸ್ತಾನಲ್ಲ ಎಂದು ಕೇಳಿದಳು. ಕುಸುಮಾ ಆ ಬಟ್ಟಲು ಎತ್ತಿಕೊಂಡಳು. ಇಬ್ಬರೂ ಸೇರಿ ಹಿತ್ತಿಲಲ್ಲಿ ಗುಂಡಿ ತೋಡಿ ಆ ಕಪ್ಪು ರಾಡಿಯನ್ನು ಮುಚ್ಚಿದರು.

ಕುಸುಮಾ ಮುಖದ ಸಿಪ್ಪೆಯೆಲ್ಲ ಉದುರಿ ಮತ್ತೆ ಬಾಳೆಗುಳಿಗೆ ಹೋಗುವಷ್ಟರಲ್ಲಿ ಹಂಗಾಮು ಮುಗಿಯುತ್ತ ಬಂದಿತ್ತು. ಅವಳ ಕೂದಲ ಬುಡ ಮತ್ತೆ ಬೆಳ್ಳಗಾಗಿತ್ತು, ನಾಗುವಿನ ತಲೆಗೆ ಬೀರಿಯ ಮದರಂಗಿ ಏರಿತ್ತು. ಜಗದೀಶ ಅವರ ತಲೆ ನೋಡಿದ, ಇಬ್ಬರನ್ನೂ ಹಿಂದಕ್ಕೆ ಕಳಿಸಿದ. ಈಗಲೂ ಇಬ್ಬರೂ ಪಾತ್ರೆ ತಿಕ್ಕುತ್ತಿದ್ದಾರೆ. ಮನೆಯಲ್ಲಿ ಬಾಳಾ ಬೇಲಿಯ ಮದರಂಗಿಯ ಇನ್ನೆರಡು ಗೆಲ್ಲು ನೆಟ್ಟಿದ್ದಾನೆ. ಸಂತೆಯ ಪುಡಿ ತಂದವರು ಕಂಡರೆ ಕರೆದು ಹೆಂಡತಿಯ ಹಣೆಯ ಕಲೆ ತೋರಿಸುತ್ತಾನೆ.

ತಾಯಂದಿರೇ, ಅಕ್ಕಂದಿರೇ, ಮೀಸೆಗೆ ಬಣ್ಣ ಹಚ್ಚುವ ಅಣ್ಣಂದಿರೇ, ಕೇಳಿ. ಬರೀ ಮದರಂಗಿ ಕೆಂಪು ಬಿಡುತ್ತದೆ, ಕಪ್ಪು ಬಿಡುವುದಿಲ್ಲ. ಬೇಗ ಕಪ್ಪಾಗುತ್ತದೆ ಎನ್ನುವ ಮೆಹಂದಿಯನ್ನು ನಂಬಬೇಡಿ, ಎಲೆಯ ಚಿತ್ರ ನೋಡಿ ಮರುಳಾಗಬೇಡಿ, ಓದಲು ಬಾರದಿದ್ದರೆ ಹಿಂದಿನ ಸಣ್ಣ ಅಕ್ಷರವನ್ನು ಯಾರಿಂದಾದರೂ ಓದಿಸಿ. ನಿಮ್ಮ ಗಿಡದ ಎಲೆಯನ್ನೇ ನೆರಳಲ್ಲಿ ಒಣಗಿಸಿ ಪುಡಿ ಮಾಡಿ. ಚಹಾ ಕಷಾಯದಲ್ಲಿ ಕಲಸಿ ಕಬ್ಬಿಣದ ಬಾಣಲೆಯಲ್ಲಿ ರಾತ್ರಿ ಇಟ್ಟರೆ ಬಣ್ಣ ತುಸು ಗಾಢವಾಗುತ್ತದೆ. ಎಣ್ಣೆಯಿಲ್ಲದ ತಲೆಗೆ ಹಚ್ಚಿ ಎರಡು ಮೂರು ತಾಸು ಬಿಟ್ಟು ತೊಳೆಯಿರಿ. ಯಾವ ಪುಡಿಯೇ ಆಗಲಿ, ಹೊಸದಾದರೆ ಮೊದಲು ಮೊಣಕೈಗೆ ಹಚ್ಚಿ ಎರಡು ದಿನ ಕಾಯಿರಿ. ಒಮ್ಮೆ ತುರಿಸಿದರೆ ಮತ್ತೆ ಹಚ್ಚಲೇಬೇಡಿ. ಮುಖ ಊದಿದರೆ, ಉಸಿರು ಕಟ್ಟಿದರೆ ಎಣ್ಣೆ ಹುಡುಕುತ್ತ ಕೂರದೆ ನೂರೆಂಟಕ್ಕೆ ಫೋನು ಮಾಡಿ. ಹಚ್ಚಿದ್ದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಪ್ಯಾಕೆಟ್ ತೋರಿಸಿ.

ಇನ್ನು ಮದುವೆ ಮಾಡುವವರಿಗೆ ಒಂದು ಮಾತು. ನಿಮ್ಮ ಪಂಕ್ತಿಯಲ್ಲಿ ಬಡಿಸುವವಳ ಕೈ ಶುದ್ಧವಾಗಿದೆಯೇ ನೋಡಿ. ಅವಳ ತಲೆ ನೋಡಬೇಡಿ.