ಉಳಿದ ಒಂದು ಮಾತು

"ಕಂಠಪೂರ್ತಿ ಕುಡುದ್ಬುಟ್ಟು ಬಂದವ್ನೆ ಬಡ್ಡೆತ್ತುದು! ಏಳ್ಲಾ ಮೇಲಕ್ಕೆ! ಸಾಯೋ ನಾಟ್ಕ ಆಡ್ತೀಯೇನ್ಲಾ?"

ಹೀಗೆಂದು ಪಟೇಲ ಚಿಕ್ಕಮಲ್ಲಪ್ಪನವರು ನನ್ನ ಅಣ್ಣ ಪುಟ್ಟಮಾದಯ್ಯನ ಪಕ್ಕೆಗೆ ಜೋಡಿನ ತುದಿಯಿಂದ ತಿವಿದರು. ಬರಿಗಾಲು ತಗುಲಿದ್ದರೆ ಅವರು ಸ್ನಾನ ಮಾಡಬೇಕಾಗುತ್ತಿತ್ತು. ಜೋಡಿಗೆ ಆ ತೊಂದರೆಯಿಲ್ಲ, ಅದು ಹೇಗೂ ನಮ್ಮ ಕೇರಿಯವರೇ ಹೊಲಿದದ್ದು.

ಅಣ್ಣ ಊರಿಗೆಲ್ಲ ಸುದ್ದಿ ಸಾರುವವನು. ಅಂದು ಬೆಳಿಗ್ಗೆ ತಮಟೆ ಬಡಿಯುತ್ತಾ, "ನಾಳೆ ಕೆರೆ ಕೆಲ್ಸಕ್ಕೆ ಮನೆಗೊಬ್ಬಾಳು ಬರ್ಬೇಕ್ರಪ್ಪೋ" ಎಂದು ಕೂಗುತ್ತಾ ಪಟೇಲರ ಬೀದಿಗೆ ಬಂದಿದ್ದ. ಮಾತಿನ ನಡುವೆಯೇ ಬಲಗೈಯಿಂದ ಕೋಲು ಜಾರಿತು. ಆಮೇಲೆ ಅವನೇ ಬಿದ್ದ. ಬಾಯಿ ಎಡಕ್ಕೆ ಸೊಟ್ಟಗಾಗಿ ಜೊಲ್ಲು ಸುರಿಯುತ್ತಿತ್ತು. ಕಣ್ಣು ಮಾತ್ರ ತೆರೆದೇ ಇತ್ತು, ಎಲ್ಲರನ್ನೂ ನೋಡುತ್ತಿತ್ತು.

ಗುಡಿಯ ಜಗುಲಿಯಿಂದ ಅರ್ಚಕ ಶಿವರುದ್ರಸ್ವಾಮಿಗಳು ಕೈ ಎತ್ತಿದರು. "ಕುಡ್ತ ಅಲ್ಲ ಕಣ್ರೀ ಪಟೇಲ್ರೇ. ಅಮ್ಮ ಕಪಾಳಕ್ಕೆ ಬುಟ್ಟವ್ಳೆ. ಮೊನ್ನೆ ಗುಡಿ ಮುಂದ್ಲಾಸಿ ತಮಟೆ ಬಡ್ಕಂಡು ಓದ ನೋಡಿ, ಅದ್ಕೆ."

ಕುಡಿತವೋ ದೇವಿಯೋ ಎಂದು ಇಬ್ಬರೂ ಬಹಳ ಹೊತ್ತು ವಾದಿಸಿದರು. ಯಾರು ಗೆದ್ದರೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಬಿಸಿಲು ಅಣ್ಣನ ನೆತ್ತಿಗೆ ಬಂದಿತ್ತು. ಆಸ್ಪತ್ರೆಗೆ ಸಾಗಿಸಲು ಗಾಡಿ ಕೊಡಿ ಬುದ್ಧಿ ಎಂದು ನಾನು ಅಡ್ಡಬಿದ್ದೆ. ಗಾಡಿ ಮೈಲಿಗೆಯಾಗುತ್ತದೆ ಎಂದರು. ಅದೇ ಗಾಡಿಗೆ ಅವರ ಕೊಟ್ಟಿಗೆಯ ಗೊಬ್ಬರ ತುಂಬುವವರು ನಾವೇ. ಗೊಬ್ಬರಕ್ಕಿರುವ ಮಡಿ ನಮಗಿಲ್ಲ.

ಕಂಬಳಿಯಲ್ಲಿ ಜೋಲಿ ಕಟ್ಟಿ, ತೆರಕಣಾಂಬಿ ಹಾದು ಗುಂಡ್ಲುಪೇಟೆಗೆ ಹೊತ್ತೆವು. ಡಾಕ್ಟರು ಮಲಯಾಳದ ಕಡೆಯವರು. ಅಣ್ಣನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಕಣ್ಣಿಗೆ ಟಾರ್ಚು ಬಿಟ್ಟರು. ಹಾಗೆ ಅವನ ತಲೆ ಮುಟ್ಟಿದ ದೊಡ್ಡ ಮನುಷ್ಯರನ್ನು ನಾನು ಕಂಡದ್ದು ಅದೇ ಮೊದಲು.

"ಇದು ಲಕ್ವ," ಎಂದರು. "ಮೆದುಳಿಗೆ ರಕ್ತ ಹೋಗುವ ಕಾಲುವೆ ಕಟ್ಟಿದೆ. ನೀರು ಬರದಿದ್ದರೆ ಹೊಲದ ಪಾತಿ ಒಣಗುತ್ತದಲ್ಲ, ಹಾಗೆ. ಮಾತಿನ ಪಾತಿ ಎಡಗಡೆ ಇರುತ್ತದೆ, ಬಲಗೈಯದೂ ಅಲ್ಲೇ. ಎರಡೂ ಒಣಗಿವೆ."

ಅತ್ತಿಗೆ ಮಂಚಮ್ಮ ಸೆರಗು ಒಡ್ಡಿದಳು. "ಮಾತು ಬತ್ತದಾ ಬುದ್ಧೀ?"

"ನನ್ನ ಹೆಸರು ಬುದ್ಧಿ ಅಲ್ಲಮ್ಮ," ಎಂದು ಅವರು ನಕ್ಕರು. ನಮಗೆ ಅಂಗಿ ತೊಟ್ಟವರೆಲ್ಲ ಬುದ್ಧಿಯೇ. ಇದ್ದ ಬುದ್ಧಿಯನ್ನೆಲ್ಲ ಅವರಿಗೇ ಕೊಟ್ಟು ನಾವು ಬರಿದಾಗಿ ನಿಲ್ಲುತ್ತೇವೆ. "ಬಂದರೆ ಬರಬಹುದು. ಇನ್ನೊಂದು ಕೇಳಿ. ಇವನಿಗೆ ಮಂಕು ಕವಿಯುತ್ತದೆ. ಊಟ ಬೇಡ, ಬದುಕು ಬೇಡ ಅನ್ನಿಸುತ್ತದೆ. ಅದು ದೆವ್ವವಲ್ಲ, ಸೋಮಾರಿತನವೂ ಅಲ್ಲ. ತಲೆಯೊಳಗಿನ ಅದೇ ಗಾಯ ಮನಸ್ಸನ್ನೂ ಕೆಡವುತ್ತದೆ. ಸುಮ್ಮನೆ ಮಲಗಲು ಬಿಡಬೇಡಿ. ಏನು ಬರುತ್ತದೋ ಅದನ್ನೇ ಮಾತಾಡಿಸಿ. ಮೂಲೆ ಹಿಡಿದರೆ ಉಳಿಯುವುದಿಲ್ಲ."

ಅವರು ಹೇಳಿದಂತೆಯೇ ಆಯಿತು. ಕಾಲು ಸ್ವಲ್ಪ ಸುಧಾರಿಸಿ, ಕೋಲೂರಿ ನಾಲ್ಕು ಹೆಜ್ಜೆ ಇಡುವಂತಾದ. ಆದರೆ ಇಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ. ಗೂಟಕ್ಕೆ ನೇತುಹಾಕಿದ ತಮಟೆಯನ್ನು ಕೂಡ ನೋಡುತ್ತಿರಲಿಲ್ಲ. ನನ್ನ ಹೆಸರು ಮೂಗಯ್ಯ. ಮಾತು ಹೋದದ್ದು ಊರಿಗೇ ದೊಡ್ಡ ಗಂಟಲಾಗಿದ್ದ ನನ್ನ ಅಣ್ಣನಿಗೆ. ದೇವರ ತಮಾಷೆಗೆ ನಗು ಬರುತ್ತಿರಲಿಲ್ಲ, ಮೈ ಉರಿಯುತ್ತಿತ್ತು.

ಮೂರನೆಯ ತಿಂಗಳಲ್ಲಿ ಅತ್ತಿಗೆಯ ಕೈತಪ್ಪಿ ಬಿಸಿ ಗಂಜಿ ಅವನ ತೊಡೆಗೆ ಚೆಲ್ಲಿತು.

"ಬೋಳಿಮಗ!"

ಒಂದಕ್ಷರವೂ ತೊದಲಲಿಲ್ಲ. ಅತ್ತಿಗೆ ಗಂಜಿ ಒರೆಸುವುದನ್ನೂ ಮರೆತು ನಕ್ಕಳು, ಅತ್ತಳು. "ಇನ್ನೊಂದ್ಸಲ ಬೈಯಪ್ಪಾ, ನನ್ನ ದೊರೆ, ಇನ್ನೊಂದ್ಸಲ!"

ಔಷಧಿಗೆ ಹೋದಾಗ ಡಾಕ್ಟರಿಗೆ ಹೇಳಿದೆ. ಯೋಚಿಸದೆ ಬರುವ ಬೈಗುಳ, ಹಾಡು ಬೇರೆ ಪಾತಿಯಲ್ಲಿರುತ್ತವೆ, ಅಲ್ಲಿಗಿನ್ನೂ ನೀರು ಹರಿಯುತ್ತಿದೆ ಎಂದರು. ಹರಿಯಿತು, ಆದರೆ ಅದೊಂದೇ ಹರಿಯಿತು. ನೀರು ಕೇಳಲು ಹೋದರೆ ಬೋಳಿಮಗ. ಹೆಂಡತಿಯನ್ನು ಹತ್ತಿರ ಕರೆಯಲು ಹೋದರೂ ಬೋಳಿಮಗ. ತಾನು ಅಂದುಕೊಂಡದ್ದೇ ಒಂದು, ಬಾಯಿಂದ ಬಿದ್ದದ್ದೇ ಇನ್ನೊಂದು ಎಂದು ಅವನಿಗೂ ಕೇಳಿಸುತ್ತಿತ್ತು. ಕಟ್ಟಿಕೊಂಡವಳನ್ನು ಒಂದು ದಿನವೂ ಬೈಯದ ಮನುಷ್ಯ. ನಾಚಿಕೆಯಿಂದ ಎಡಗೈಯಲ್ಲಿ ತನ್ನ ಬಾಯಿಯನ್ನೇ ಮುಚ್ಚಿಕೊಂಡು ಮತ್ತೆ ಗೋಡೆಗೆ ತಿರುಗಿದ. ಮುದ್ದೆ ಮುಟ್ಟಲಿಲ್ಲ. ಒಂದು ದಿನವಾಯಿತು, ಎರಡಾಯಿತು, ಮೂರಾಯಿತು. ಅಣ್ಣ ಸಾಯಲು ಹೊರಟಿದ್ದಾನೆಂದು ನಮಗೆ ಗೊತ್ತಾಯಿತು.

ಆ ಮೂರನೆಯ ದಿನವೇ ಪಟೇಲರು ಕೇರಿಯ ಹುಣಸೆಮರದವರೆಗೆ ದಯಮಾಡಿಸಿದರು.

"ಮೂಗಾ, ನಾಳೆ ತಾಲೂಕ್ ಕಚೇರಿ ಸಾಹೇಬ್ರು ಬತ್ತಾವ್ರೆ. ಅದೇನೋ ಒಸ ಕಾಯ್ದೆಯಂತೆ, ನಿಮ್ಗ ಊರ ಬಾವೀಲಿ ನೀರು ಸೇದಕ್ಕ ಬುಡ್ತಾರಾ ಅಂತ ಕೇಳ್ತಾರಂತೆ. ನಿನ್ನಣ್ಣನ್ನ ಕರ್ಕಂಡು ಬಾ."

"ಅವುನ್ಗ ಮಾತಿಲ್ವಲ್ಲ ಬುದ್ಧಿ?"

"ಅದ್ಕೇ ಕಣ್ಲಾ ಅವ್ನೇ ಬೇಕು! ಕೇಳುದ್ದುಕ್ಕೆ ಊಂ ಅಂತ ತಲೆ ಆಡುಸ್ಲಿ, ಸಾಕು. ನಿನ್ನ ಉದ್ದನಾಲ್ಗೆ ನೀನು ಒಳಗ ಮಡೀಕಂಡಿರು."

ನಾನು ಅತ್ತಿಗೆಯ ಮುಖ ನೋಡಿದೆ, ಅತ್ತಿಗೆ ನನ್ನ ಮುಖ ನೋಡಿದಳು. ಅವನಲ್ಲಿ ಒಂದು ಮಾತು ಉಳಿದಿದೆ ಎಂದು ಇಬ್ಬರೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆವು. ಅವರು ಕೇಳಲಿಲ್ಲ.

ಮರುದಿನ ಸಾಹೇಬರು ಪಟೇಲರ ಜಗುಲಿಯ ಕುರ್ಚಿಯಲ್ಲಿ ಕೂತು ರಸಬಾಳೆ ಸುಲಿಯುತ್ತಿದ್ದರು. ಪಕ್ಕದಲ್ಲಿ ಗುಮಾಸ್ತ ಕಾಗದ ಹಿಡಿದಿದ್ದ. ಶಿವರುದ್ರಸ್ವಾಮಿಗಳು ಗೋಡೆಗೊರಗಿದ್ದರು. ಅಣ್ಣನನ್ನು ಅಂಗಳದಲ್ಲಿ ನಿಲ್ಲಿಸಿದೆವು.

"ಇವ್ನೇ ಸ್ವಾಮಿ ಕೇರಿ ಯಜಮಾನ," ಎಂದರು ಪಟೇಲರು. "ಸಾಧು ಮನುಸ. ಮಾತು ಕಮ್ಮಿ."

ಸಾಹೇಬರು ಹಣ್ಣು ನುಂಗಿ ಕೇಳಿದರು: "ಏನಪ್ಪಾ, ಪಟೇಲರು ನಿಮ್ಮನ್ನೆಲ್ಲ ಚೆನ್ನಾಗಿ ನೋಡಿಕೊಳ್ಳುತ್ತಾರಾ?"

ಅಣ್ಣ ಸೊಂಟ ಬಗ್ಗಿಸಿದ. ಕೈ ಜೋಡಿಸಲಾಗದೆ ಎಡಗೈಯನ್ನಷ್ಟೇ ಎದೆಗಿಟ್ಟುಕೊಂಡ. ನಲವತ್ತು ವರ್ಷದ ಅಭ್ಯಾಸ. ಅವನು ಹೇಳಲು ಹೊರಟದ್ದು "ಬುದ್ಧೀ" ಎಂದೇ, ನಾನು ಆಣೆ ಮಾಡಿ ಹೇಳಬಲ್ಲೆ.

"ಬೋಳಿಮಗ," ಎಂದ.

ಗುಮಾಸ್ತನ ಪೆನ್ನು ನಿಂತಿತು. ಸ್ವಾಮಿಗಳು ಶಿವಶಿವಾ ಎಂದು ಕಿವಿ ಮುಚ್ಚಿಕೊಂಡರು. ಪಟೇಲರು ಅಂಗಳಕ್ಕೆ ಧುಮುಕಿ ಬೆತ್ತ ಬೀಸಿದರು. ಏಟು ಅಣ್ಣನ ಸತ್ತ ಬಲಭುಜಕ್ಕೆ ಬಿತ್ತು. "ಬುದ್ಧಿ ಅನ್ಲಾ! ತಪ್ಪಾಯ್ತು ಬುದ್ಧಿ ಅನ್ಲಾ ನನ್ಮಗನೇ!"

"ಇವನಿಗೆ ಏನಾಗಿದೆ?" ಎಂದು ಸಾಹೇಬರು ಕೇಳಿದರು.

ಮಂಚಮ್ಮ ಸೆರಗು ಬಿಗಿದು ಮುಂದೆ ಬಂದಳು. "ಇವ್ರ ಬೀದೀಲೇ ಬಿದ್ನಲ್ಲ ಸ್ವಾಮಿ, ನೆತ್ತಿ ಸುಡೋಗಂಟ ಬಿಸ್ಲಲ್ಲಿ ಬುಟ್ಟಿದ್ರಲ್ಲ, ತಲೇಲಿ ನೆತ್ರ ಕಟ್ಟದೆ. ಬುದ್ಧಿ ಅನ್ನದು ಅಳ್ಸೋಗದೆ. ಉಳ್ದಿರದು ಇದೊಂದೇ. ಬೇಕಾದ್ರ ಇನ್ನೊಂದ್ಸಲ ಕೇಳ್ನೋಡಿ."

ಅಣ್ಣನ ಎಡಗೈ ಮೇಲೆದ್ದಿತು. ಬಾಯಿ ಮುಚ್ಚಿಕೊಳ್ಳುತ್ತಾನೆ ಎಂದುಕೊಂಡೆ. ಕೈ ಗಲ್ಲದವರೆಗೆ ಬಂದು ನಿಂತಿತು, ಮತ್ತೆ ಕೆಳಗಿಳಿಯಿತು. ಬಗ್ಗಿದ್ದ ಸೊಂಟ ನೆಟ್ಟಗಾಯಿತು. ಪಟೇಲರ ಪಾದ ಬಿಟ್ಟು ಮೇಲಕ್ಕೆ ನೋಡಿ ಗೊತ್ತಿಲ್ಲದ ಅವನು ಅವರ ಕಣ್ಣನ್ನೇ ನೋಡಿದ. ತಮಟೆ ಕಟ್ಟಿಕೊಂಡು ಬೀದಿಗೆಲ್ಲ ಕೇಳುವಂತೆ ಸಾರುತ್ತಿದ್ದನಲ್ಲ, ಅದೇ ಗಂಟಲಿನಲ್ಲಿ, ನಿಧಾನವಾಗಿ ಹೇಳಿದ:

"ಬೋಳಿಮಗ."

ಈ ಸಲ ತಪ್ಪಿ ಬಂದದ್ದಲ್ಲ.

"ಏನು ಬರಕೊಳ್ಳಲಿ ಸಾರ್?" ಎಂದ ಗುಮಾಸ್ತ.

"ದೂರು ಏನೂ ಇಲ್ಲ ಅಂತ ಬರಿ," ಎಂದು ಸಾಹೇಬರು ಕೈ ಒರೆಸಿಕೊಂಡು ಜೀಪು ಹತ್ತಿದರು.

ಅಣ್ಣ ಮನೆಗೆ ಬಂದವನು ಮಲಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಬಾಗಿಲಿಗೆ ಎದುರಾಗಿ ಕೂತ. ಒಲೆಯ ಕಡೆ ಕೈ ತೋರಿಸಿ ಅತ್ತಿಗೆಯನ್ನು ಮೆಲ್ಲಗೆ ಕರೆದ, "ಬೋಳಿಮಗ."

"ತತ್ತೀನಿ ಇರು ನನ್ನಪ್ಪ, ಇನ್ನೂ ಮುದ್ದೆ ಕಟ್ಬ್ಯಾಡ್ವಾ?" ಎಂದಳು ಮಂಚಮ್ಮ.

ನಾಲ್ಕು ದಿನದ ಹಸಿವು. ಎಡಗೈಯಲ್ಲಿ ಮುರಿದು ಮುರಿದು ನುಂಗಿದ. ಹೊತ್ತು ಇಳಿಯುತ್ತಿತ್ತು. ಹುಣಸೆಮರದ ಕಡೆಯಿಂದ ಪಟೇಲರ ದನಿ ಕೇಳಿಸಿತು, ಹಿಂದೆ ಹತ್ತಾರು ಜೋಡಿನ ಸದ್ದು, ನೆಲಕ್ಕೆ ಕುಟ್ಟುವ ಬಡಿಗೆಗಳ ಸದ್ದು. ನಮ್ಮ ಗುಡಿಸಲಿಗೆ ಹಾಕಿಕೊಳ್ಳಲು ಕದವಿಲ್ಲ. ನಾನು ಗೂಟದಿಂದ ತಮಟೆಯ ಕೋಲು ಇಳಿಸಿಕೊಂಡೆ. ಮಂಚಮ್ಮ ಎರಡನೆಯ ಮುದ್ದೆ ಇಟ್ಟಳು.

ಅಣ್ಣ ಬಾಗಿಲ ಕಡೆ ನೋಡುತ್ತಾ ಬೇಗ ಬೇಗ ನುಂಗುತ್ತಿದ್ದ. ಅವರು ಬರುವಷ್ಟರಲ್ಲಿ ಬಾಯಿ ಖಾಲಿ ಮಾಡಿಕೊಳ್ಳಬೇಕಿತ್ತು.